ಹೊತ್ತು ಸಾಗುವವರಿಗಾಗಿ ಹುಟ್ಟಿದ ವಾದ್ಯ: ಮೂವತ್ತು ಅಂಗುಲದ ಬೇಸ್ ಗಿಟಾರಿನ ಕತೆ

ರಸಮಂಜರಿ ಕಾರ್ಯಕ್ರಮದ ಬ್ಯಾನರಿನಲ್ಲಿ ಗಾಯಕರ ಹೆಸರು ದೊಡ್ಡದಾಗಿರುತ್ತದೆ. ಕೀಬೋರ್ಡ್, ತಬಲಾ, ಡ್ರಮ್ಸ್ ನುಡಿಸುವವರನ್ನು ನಿರೂಪಕರು ಹೆಸರು ಹಿಡಿದು ಕರೆದು ಚಪ್ಪಾಳೆ ಕೊಡಿಸುತ್ತಾರೆ. ಡ್ರಮ್ ಸೆಟ್ಟಿನ ಪಕ್ಕ ನಿಂತು ನಾಲ್ಕು ದಪ್ಪ ತಂತಿ ಮೀಟುವ ಬೇಸ್ ಗಿಟಾರಿನವರ ಕಡೆ ಕಣ್ಣು ಹೋಗುವುದು ಕಡಿಮೆ. ಅವರು ಕೈ ನಿಲ್ಲಿಸಿದಾಗ ಮಾತ್ರ ಹಾಡಿನಿಂದ ಏನೋ ಕಳೆದುಹೋಯಿತು ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಶಂಕರ್‌ನಾಗ್ ನಿರ್ದೇಶಿಸಿದ 1981ರ ‘ಗೀತಾ’ ಚಿತ್ರದ ಹಾಡುಗಳನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಒಮ್ಮೆ ಕೇಳಿ. ಇಳಯರಾಜಾ ಅಲ್ಲಿ ಬೇಸ್ ಗಿಟಾರಿಗೆ ಹಾಡಿನೊಳಗೇ ಇನ್ನೊಂದು ಹಾಡು ಬರೆದುಕೊಟ್ಟಿದ್ದಾರೆ. ಮುಂಬಯಿಯಲ್ಲಿ ಆರ್.ಡಿ. ಬರ್ಮನ್ ಅವರ ವಾದ್ಯವೃಂದದಲ್ಲಿ ಟೋನಿ ವಾಜ್ ಮಾಡಿದ ಕೆಲಸವೂ ಇದೇ. ಆ ಹಾಡುಗಳನ್ನು ಇಂದು ಊರೂರಿನ ವೇದಿಕೆಗಳಲ್ಲಿ ನುಡಿಸುವವರು ಆ ಸಾಲುಗಳನ್ನು ಬೆರಳಿಗೆ ತಂದುಕೊಂಡೇ ಬರಬೇಕು.

ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ ಸುತ್ತಮುತ್ತ ಇಂಥ ವೇದಿಕೆಗಳಿಗೆ ಬರವಿಲ್ಲ. ಠಾಣೆಯ ಗಡಕರಿ ರಂಗಾಯತನ, ಕಾಶಿನಾಥ ಘಾಣೇಕರ ನಾಟ್ಯಗೃಹ, ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ಸಭಾಗೃಹ, ಕಲ್ಯಾಣದ ಆಚಾರ್ಯ ಅತ್ರೆ ರಂಗಮಂದಿರ, ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹ ಎಲ್ಲವೂ ವರ್ಷವಿಡೀ ತುಂಬಿರುತ್ತವೆ. ಗಣೇಶೋತ್ಸವ, ನವರಾತ್ರಿ, ಮದುವೆಯ ಸಂಗೀತ್, ಕನ್ನಡ ಸಂಘಗಳ ವಾರ್ಷಿಕೋತ್ಸವ, ಹೋಟೆಲುಗಳ ಹೊಸವರ್ಷದ ರಾತ್ರಿ ಹೀಗೆ ಸೀಸನ್ ಮೇಲೆ ಸೀಸನ್ ಬರುತ್ತದೆ. ನುಡಿಸುವವರಲ್ಲಿ ಹೆಚ್ಚಿನವರು ಲೋಕಲ್ ರೈಲಿನಲ್ಲಿ, ಶೇರ್ ರಿಕ್ಷಾದಲ್ಲಿ, ಗೆಳೆಯನ ಬೈಕಿನ ಹಿಂದೆ ಕೂತು ಬರುವವರು. ಹಗಲು ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ದುಡಿದು ಸಂಜೆ ಶೋಗೆ ಓಡುವವರೂ ಅವರಲ್ಲಿದ್ದಾರೆ. ಅವರ ಬೆನ್ನ ಮೇಲೆ ವಾದ್ಯ ಇದ್ದೇ ಇರುತ್ತದೆ.

ಮಾಮೂಲಿ ಬೇಸ್ ಗಿಟಾರಿನ ಒಟ್ಟು ಉದ್ದ ಸುಮಾರು 46 ಅಂಗುಲ. ಚೀಲಕ್ಕೆ ಹಾಕಿ ಬೆನ್ನಿಗೇರಿಸಿದರೆ ಮೇಲಿನ ತುದಿ ತಲೆಗಿಂತ ಒಂದು ಗೇಣು ಎತ್ತರಕ್ಕೆ ಹೋಗುತ್ತದೆ, ಕೆಳಗಿನ ತುದಿ ತೊಡೆಗೆ ಬಡಿಯುತ್ತದೆ. ಸಂಜೆಯ ಲೋಕಲಿನಲ್ಲಿ ಅದನ್ನು ಬೆನ್ನ ಮೇಲೆ ಇಟ್ಟುಕೊಂಡು ನಿಲ್ಲಲು ಯಾರೂ ಬಿಡುವುದಿಲ್ಲ. “ಭಾವು, ಬ್ಯಾಗ್ ಪುಢೇ ಘ್ಯಾ” ಎಂಬ ಮಾತು ಹಿಂದಿನಿಂದ ಬಂದೇ ಬರುತ್ತದೆ. ಮುಂದಕ್ಕೆ ಹಾಕಿಕೊಂಡರೆ ಎದುರಿಗಿರುವವರ ಮುಖಕ್ಕೆ ತಾಗುತ್ತದೆ. ಕೊನೆಗೆ ಎರಡೂ ಕೈಯಿಂದ ಚೀಲವನ್ನು ನೆಟ್ಟಗೆ ನಿಲ್ಲಿಸಿ ತಬ್ಬಿಕೊಂಡು, ಹಿಡಿಕೆಯ ಆಸರೆಯೂ ಇಲ್ಲದೆ ಪ್ರಯಾಣ ಮುಗಿಸಬೇಕು.

ಈ ಹೊರುವ ಕಷ್ಟವೇ ಬೇಸ್ ಗಿಟಾರ್ ಎಂಬ ವಾದ್ಯ ಹುಟ್ಟಲು ಕಾರಣ. ಹುಟ್ಟಿದಾಗ ಅದು ಗಿಡ್ಡವಾಗಿಯೇ ಇತ್ತು. ಅಂಗಡಿಗಳಲ್ಲಿ ಇಂದು ‘ಶಾರ್ಟ್ ಸ್ಕೇಲ್’ ಎಂದು ಮೂಲೆಗಿಟ್ಟು, ‘ಕಲಿಯುವ ಮಕ್ಕಳಿಗೆ’ ಎಂದು ತೋರಿಸುವ, ತಂತಿ ಮೂವತ್ತು ಅಂಗುಲ ಉದ್ದವಿರುವ ಬೇಸ್ ಈ ವಾದ್ಯದ ಮೊದಲ ರೂಪ.

ಸಿಯಾಟಲ್‌ನ ಗಿಟಾರ್ ಮೇಷ್ಟ್ರು

ಕತೆ ಶುರುವಾಗುವುದು 1930ರ ದಶಕದ ಅಮೆರಿಕದಲ್ಲಿ, ಸಿಯಾಟಲ್ ನಗರದಲ್ಲಿ. ಆಗ ಯಾವುದೇ ವಾದ್ಯತಂಡದಲ್ಲಿ ಮಂದ್ರ ಸ್ವರದ ಹೊಣೆ ಡಬಲ್ ಬೇಸಿನದು. ಆಳೆತ್ತರದ ಪಿಟೀಲು ಎನ್ನಬಹುದಾದ ಆ ವಾದ್ಯ ಸುಮಾರು ಆರು ಅಡಿ ಎತ್ತರ ಇರುತ್ತದೆ. ಅದರ ತಂತಿಯ ಮಿಡಿಯುವ ಭಾಗವೇ ಸುಮಾರು 42 ಅಂಗುಲ. ನಿಂತು, ತಬ್ಬಿ ಹಿಡಿದು ನುಡಿಸಬೇಕು. ಟ್ರಂಪೆಟ್, ಡ್ರಮ್ಮುಗಳ ಗದ್ದಲದಲ್ಲಿ ಅದರ ಸದ್ದು ಹಿಂದಿನ ಸಾಲಿನವರಿಗೆ ಮುಟ್ಟುವುದೂ ಕಷ್ಟವಾಗಿತ್ತು.

ಪಾಲ್ ಟಟ್‌ಮಾರ್ಕ್ ಅಲ್ಲಿ ಹವಾಯಿಯನ್ ಗಿಟಾರ್ ಕಲಿಸುತ್ತಿದ್ದ ಸಂಗೀತಗಾರ, ಹಾಡುಗಾರ. ವಿದ್ಯುತ್ ಪಿಕಪ್ ಹಾಕಿದ ಗಿಟಾರುಗಳನ್ನು ತಾವೇ ಮಾಡಿ ‘ಆಡಿಯೋವಾಕ್ಸ್’ ಎಂಬ ಹೆಸರಿನಲ್ಲಿ ಮಾರುತ್ತಿದ್ದರು. ಜೊತೆಗಾರರಾದ ಡಬಲ್ ಬೇಸ್ ವಾದಕರ ಪಾಡು ಅವರ ಕಣ್ಣಿಗೆ ಬಿದ್ದಿತ್ತು. ತಂಡದ ಉಳಿದವರೆಲ್ಲ ಒಂದೇ ಕಾರಿನಲ್ಲಿ ಹರಟುತ್ತ ಹೋದರೆ ಬೇಸಿನವರು ಒಬ್ಬರೇ ಬೇರೆ ಕಾರಿನಲ್ಲಿ ಹೋಗಬೇಕಿತ್ತು. ವಾದ್ಯವನ್ನು ಒಳಗೆ ತುರುಕಿದ ಮೇಲೆ ಕಾರು ನಡೆಸುವವರಿಗಷ್ಟೇ ಜಾಗ ಉಳಿಯುತ್ತಿತ್ತು. ಆ ಒಂಟಿತನ ನೋಡಿ ಮರುಗಿಯೇ ಟಟ್‌ಮಾರ್ಕ್ ಈ ಕೆಲಸಕ್ಕೆ ಕೈ ಹಾಕಿದ್ದಾಗಿ ಅವರ ಮಗ ಮುಂದೆ ಹೇಳಿದ್ದಾರೆ.

ಮೊದಲು ಅವರು ಚೆಲ್ಲೋ ಗಾತ್ರದ, ನಿಲ್ಲಿಸಿ ನುಡಿಸುವ ವಿದ್ಯುತ್ ಬೇಸ್ ಮಾಡಿದರು. 1935ರ ಫೆಬ್ರವರಿಯಲ್ಲಿ ‘ಸಿಯಾಟಲ್ ಪೋಸ್ಟ್-ಇಂಟೆಲಿಜೆನ್ಸರ್’ ಪತ್ರಿಕೆ ಅದರ ಬಗ್ಗೆ ಬರೆಯಿತು. ಟಟ್‌ಮಾರ್ಕ್ ಅಷ್ಟಕ್ಕೇ ನಿಲ್ಲಲಿಲ್ಲ. ವಿದ್ಯುತ್ ಪಿಕಪ್ ತಂತಿಯ ಕಂಪನವನ್ನು ನೇರವಾಗಿ ಹಿಡಿಯುತ್ತದೆ ಎಂದ ಮೇಲೆ ಸದ್ದು ಹೆಚ್ಚಿಸುವ ದೊಡ್ಡ ಟೊಳ್ಳು ಒಡಲು ಬೇಡ. ಒಡಲು ಚಿಕ್ಕದಾದ ಮೇಲೆ ವಾದ್ಯವನ್ನು ನೆಲದ ಮೇಲೆ ನಿಲ್ಲಿಸಬೇಕಾಗಿಯೂ ಇಲ್ಲ, ಗಿಟಾರಿನ ಹಾಗೆ ಅಡ್ಡ ಹಿಡಿಯಬಹುದು. ಅಡ್ಡ ಹಿಡಿದರೆ ಎಡಗೈ ಚಾಚುವ ದೂರಕ್ಕೆ ಮಿತಿಯಿದೆ, ಆದ್ದರಿಂದ ತಂತಿಯೂ ಗಿಡ್ಡವಾಗಬೇಕು. ಒಂದು ನಿರ್ಧಾರ ಇನ್ನೊಂದನ್ನು ಎಳೆದು ತಂದಿತು.

1936ರ ಸುಮಾರಿಗೆ ಹೊರಬಂದ ‘ಆಡಿಯೋವಾಕ್ಸ್ ಮಾಡೆಲ್ 736’ ಗಟ್ಟಿ ಮರದ ಒಡಲಿನ, ನಾಲ್ಕು ತಂತಿಯ, ಕತ್ತಿನ ಮೇಲೆ ಲೋಹದ ಅಡ್ಡಪಟ್ಟಿಗಳನ್ನು (ಫ್ರೆಟ್) ಕೂರಿಸಿದ ವಾದ್ಯ. ಒಟ್ಟು ಉದ್ದ ಸುಮಾರು 42 ಅಂಗುಲ. ಕತ್ತಿನ ತುದಿಯ ನಟ್‌ನಿಂದ ಒಡಲಿನ ಮೇಲಿನ ಬ್ರಿಜ್‌ವರೆಗೆ ತಂತಿ ಮಿಡಿಯುವ ಉದ್ದ, ಅಂದರೆ ವಾದ್ಯದವರು ‘ಸ್ಕೇಲ್’ ಎನ್ನುವುದು, 30 ಅಂಗುಲಕ್ಕೆ ತುಸು ಹೆಚ್ಚು. ಬೆಲೆ ಸುಮಾರು 65 ಡಾಲರ್. ಇಂದು ನಾವು ಬೇಸ್ ಗಿಟಾರ್ ಎಂದು ಕರೆಯುವ ವಾದ್ಯದ ಎಲ್ಲ ಲಕ್ಷಣಗಳೂ ಅದರಲ್ಲಿದ್ದವು.

ಆದರೆ ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಆಡಿಯೋವಾಕ್ಸ್ ಚಿಕ್ಕ ಕಂಪನಿ. ಮಂದ್ರ ಸ್ವರವನ್ನು ತಾಳಿಕೊಳ್ಳುವ ಆಂಪ್ಲಿಫೈಯರ್, ಸ್ಪೀಕರುಗಳು ಆಗಿನ್ನೂ ಬೆಳೆದಿರಲಿಲ್ಲ. ಹಿಂದೆಯೇ ಮಹಾಯುದ್ಧ ಬಂತು. ಸುಮಾರು ನೂರು ವಾದ್ಯಗಳಷ್ಟೇ ತಯಾರಾಗಿ 736 ಜನರ ನೆನಪಿನಿಂದ ಮರೆಯಾಯಿತು. ಸಂಶೋಧಕರು ಅದನ್ನು ಮತ್ತೆ ಹುಡುಕಿ ತೆಗೆಯುವ ಹೊತ್ತಿಗೆ ಕೀರ್ತಿಯೆಲ್ಲ ಬೇರೊಬ್ಬರಿಗೆ ಸೇರಿ ದಶಕಗಳೇ ಆಗಿದ್ದವು.

ಮೂವತ್ತನಾಲ್ಕು ಅಂಗುಲ ಬಂದದ್ದು

ಆ ಬೇರೊಬ್ಬರು ಲಿಯೋ ಫೆಂಡರ್. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೆ ಅಂಗಡಿಗೆ ಬರುವ ವಾದಕರ ದೂರುಗಳನ್ನು ತಾಳ್ಮೆಯಿಂದ ಕೇಳುತ್ತಿದ್ದರು. ಡಬಲ್ ಬೇಸ್ ಹೊರಲಾಗುವುದಿಲ್ಲ, ಕೇಳಿಸುವುದಿಲ್ಲ, ಫ್ರೆಟ್ ಇಲ್ಲದ್ದರಿಂದ ಸ್ವರ ತಪ್ಪುತ್ತದೆ ಎಂಬ ದೂರುಗಳಿಗೆ ಅವರು 1951ರಲ್ಲಿ ‘ಪ್ರಿಸಿಷನ್ ಬೇಸ್’ ತಂದು ಉತ್ತರ ಕೊಟ್ಟರು. ಬೇರೆ ಬೇರೆ ಉದ್ದಗಳನ್ನು ಪರೀಕ್ಷಿಸಿ ತಂತಿಗೆ 34 ಅಂಗುಲ ಗೊತ್ತುಮಾಡಿದರು. ಮರುವರ್ಷ ಅದಕ್ಕೆ ತಕ್ಕ ‘ಬೇಸ್‌ಮನ್’ ಆಂಪ್ಲಿಫೈಯರನ್ನೂ ತಂದರು. ಲಯನಲ್ ಹ್ಯಾಂಪ್ಟನ್ ಅವರ ಜಾಝ್ ತಂಡದ ಮಾಂಕ್ ಮಾಂಟ್‌ಗೊಮೆರಿ ಅದನ್ನು ಹಿಡಿದು ಊರೂರು ತಿರುಗಿದರು. ಮುಂದೆ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ನುಡಿಸಿದ್ದೂ ಪ್ರಿಸಿಷನ್ನೇ. ಅಲ್ಲಿಂದಾಚೆಗೆ 34 ಅಂಗುಲವೇ ಲೋಕದ ಅಳತೆಯಾಯಿತು.

34 ಅಂಗುಲಕ್ಕೆ ಕಾರಣವಿತ್ತು. ಉದ್ದ ತಂತಿ ಬಿಗಿಯಾಗಿ ನಿಲ್ಲುತ್ತದೆ, ಸ್ವರ ಸ್ಪಷ್ಟವಾಗಿ ಕಟೆದಂತೆ ಬರುತ್ತದೆ. ಆದರೆ ಅದೊಂದೇ ಸರಿಯಾದ ಉತ್ತರ ಎಂದು ಆಗ ಎಲ್ಲರೂ ಒಪ್ಪಿರಲಿಲ್ಲ. ಗಿಬ್ಸನ್ ಕಂಪನಿ 1953ರಲ್ಲಿ ಪಿಟೀಲಿನ ಆಕಾರದ ಮೊದಲ ವಿದ್ಯುತ್ ಬೇಸ್ ತಂದಾಗ 30.5 ಅಂಗುಲವನ್ನು ಆರಿಸಿಕೊಂಡಿತು. 1961ರಲ್ಲಿ ಬಂದ ಅದರ ‘ಇಬಿ-3’ ಕೂಡ ಅದೇ ಅಳತೆಯದು. ‘ಕ್ರೀಮ್’ ತಂಡದ ಜ್ಯಾಕ್ ಬ್ರೂಸ್ ಅದನ್ನು ಹಿಡಿದು ರಾಕ್ ಸಂಗೀತದಲ್ಲಿ ಬೇಸಿನ ಸ್ಥಾನವನ್ನೇ ಬದಲಿಸಿದರು.

ಬುಬೆನ್‌ರಾಯ್ಟ್‌ನ ಪಿಟೀಲು

ಮೂವತ್ತು ಅಂಗುಲದ ಬೇಸ್ ಲೋಕಪ್ರಸಿದ್ಧವಾದದ್ದು ಜರ್ಮನಿಯಿಂದ. ಕಾರ್ಲ್ ಹಾಫ್ನರ್ 1887ರಲ್ಲಿ ಇಂದಿನ ಚೆಕ್ ದೇಶಕ್ಕೆ ಸೇರಿದ ಶೋನ್‌ಬಾಖ್ ಊರಿನಲ್ಲಿ ಪಿಟೀಲು ತಯಾರಿಕೆ ಆರಂಭಿಸಿದ್ದರು. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಬಹುಪಾಲು ಜರ್ಮನ್ ಭಾಷಿಕರನ್ನು ಹೊರದೂಡಲಾಯಿತು. ವಾದ್ಯ ತಯಾರಿಸುವ ಕುಟುಂಬಗಳು ಬವೇರಿಯಾದ ಬುಬೆನ್‌ರಾಯ್ಟ್ ಎಂಬ ಹಳ್ಳಿಗೆ ಬಂದು ನೆಲೆಸಿ ಹೊಸದಾಗಿ ಕಸುಬು ಕಟ್ಟಿಕೊಂಡವು. ಕಾರ್ಲ್ ಅವರ ಮಗ ವಾಲ್ಟರ್ ಹಾಫ್ನರ್ ಅಲ್ಲಿ 1955ರಲ್ಲಿ ವಿದ್ಯುತ್ ಬೇಸ್ ರೂಪಿಸಿದರು. ಮನೆತನದ ಕಸುಬು ಪಿಟೀಲು, ಆದ್ದರಿಂದ ಕೈಗೆ ಒಗ್ಗಿದ ಪಿಟೀಲಿನ ಆಕಾರವನ್ನೇ ಕೊಟ್ಟರು. ಗಟ್ಟಿ ಮರದ ಬದಲು ಒಡಲನ್ನು ಟೊಳ್ಳಾಗಿಸಿದರು. ತಂತಿಯ ಉದ್ದ 30 ಅಂಗುಲ ಇಟ್ಟರು. 1956ರ ಫ್ರಾಂಕ್‌ಫರ್ಟ್ ವಾದ್ಯ ಮೇಳದಲ್ಲಿ ಅದು ‘500/1’ ಎಂಬ ಹೆಸರಿನಲ್ಲಿ ಮೊದಲು ಕಾಣಿಸಿಕೊಂಡಿತು. ತೂಕ ಎರಡೂವರೆ ಕಿಲೋದ ಆಸುಪಾಸು. ಫೆಂಡರ್ ಪ್ರಿಸಿಷನ್ ನಾಲ್ಕು ಕಿಲೋ ತೂಗುತ್ತದೆ.

1961ರಲ್ಲಿ ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ಲಿವರ್‌ಪೂಲಿನ ಬಡ ಹುಡುಗರ ತಂಡವೊಂದು ರಾತ್ರಿಯಿಡೀ ನುಡಿಸಿ ಹೊಟ್ಟೆ ಹೊರೆಯುತ್ತಿತ್ತು. ಬೇಸ್ ನುಡಿಸುತ್ತಿದ್ದ ಸ್ಟುವರ್ಟ್ ಸಟ್‌ಕ್ಲಿಫ್ ಚಿತ್ರಕಲೆಯ ಕಡೆಗೆ ಹೊರಟುಹೋದಾಗ ಆ ಹೊಣೆ ಪಾಲ್ ಮೆಕಾರ್ಟ್ನಿ ಹೆಗಲಿಗೆ ಬಿತ್ತು. ಫೆಂಡರ್ ಕೊಳ್ಳುವಷ್ಟು ದುಡ್ಡು ಕೈಯಲ್ಲಿರಲಿಲ್ಲ. ಸುಮಾರು 30 ಪೌಂಡಿಗೆ ಸಿಕ್ಕಿದ್ದು ಹಾಫ್ನರ್. ಮೆಕಾರ್ಟ್ನಿ ಎಡಗೈಯವರು. ಎರಡೂ ಬದಿ ಸಮನಾಗಿರುವ ಪಿಟೀಲಿನ ಆಕಾರ ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣುತ್ತಿರಲಿಲ್ಲ. ಹಾಡುತ್ತ ಹಾಡುತ್ತಲೇ ಬೇಸ್ ನುಡಿಸಬೇಕಾದವರಿಗೆ ಹಗುರ ಒಡಲು, ಹತ್ತಿರ ಹತ್ತಿರದ ಫ್ರೆಟ್ಟುಗಳು ವರವಾದವು. 1969ರ ಜನವರಿ 30ರಂದು ಲಂಡನ್ನಿನ ಕಟ್ಟಡವೊಂದರ ಛಾವಣಿಯ ಮೇಲೆ ಅದೇ ಬೀಟಲ್ಸ್ ತಂಡ ಕೊನೆಯ ಬಾರಿ ಜನರೆದುರು ನುಡಿಸಿದಾಗಲೂ ಮೆಕಾರ್ಟ್ನಿ ಕೈಯಲ್ಲಿದ್ದುದು ಹಾಫ್ನರ್ ಬೇಸೇ.

1961ರಲ್ಲಿ ಕೊಂಡ ಆ ಮೊದಲ ಹಾಫ್ನರ್ 1972ರಲ್ಲಿ ಲಂಡನ್ನಿನಲ್ಲಿ ವ್ಯಾನೊಂದರಿಂದ ಕಳುವಾಯಿತು. ಅರ್ಧ ಶತಮಾನದ ನಂತರ ಅಭಿಮಾನಿಗಳು, ಪತ್ರಕರ್ತರು ಸೇರಿ ಪಟ್ಟುಬಿಡದೆ ಹುಡುಕಿದರು. ಮನೆಯೊಂದರ ಅಟ್ಟದಲ್ಲಿ ಸಿಕ್ಕ ಅದು ಮೆಕಾರ್ಟ್ನಿ ಕೈ ಸೇರಿದ ಸುದ್ದಿ 2024ರ ಫೆಬ್ರವರಿಯಲ್ಲಿ ಹೊರಬಿತ್ತು.

‘ಕಲಿಯುವವರ ಬೇಸ್’ ಎಂಬ ಹಣೆಪಟ್ಟಿ

ಇಷ್ಟು ಹೆಸರಿದ್ದ ವಾದ್ಯ ಹಿಂದೆ ಬಿದ್ದದ್ದು ಹೇಗೆ? ಅದಕ್ಕೆ ಒಂದು ಕಾರಣ ಸ್ವತಃ ಫೆಂಡರ್ ಕಂಪನಿಯೇ. 1966ರಲ್ಲಿ ಅದು 30 ಅಂಗುಲದ ‘ಮಸ್ಟ್ಯಾಂಗ್ ಬೇಸ್’ ತಂದಿತು. ಒಳ್ಳೆಯ ವಾದ್ಯ. ಆದರೆ ಅದನ್ನು ವಿದ್ಯಾರ್ಥಿಗಳ ಗಿಟಾರುಗಳ ಸಾಲಿನಲ್ಲಿ ನಿಲ್ಲಿಸಿ ಮಾರಿದರು. ಅಂದು ಅಂಟಿದ ಹಣೆಪಟ್ಟಿ ಇನ್ನೂ ಪೂರ್ತಿ ಕಿತ್ತುಬಂದಿಲ್ಲ. ಇನ್ನೊಂದು ಕಾರಣ ಸಂಗೀತದ ದಾರಿ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಹೆಬ್ಬೆರಳಿನಿಂದ ತಂತಿಗೆ ಹೊಡೆಯುವ ಸ್ಲ್ಯಾಪ್ ಶೈಲಿ ಬಂತು. ಇನ್ನೂ ಕೆಳಗಿನ ಸ್ವರಕ್ಕೆ ಐದನೇ ತಂತಿ ಬಂತು. ಎರಡಕ್ಕೂ ಬಿಗಿಯಾದ ಉದ್ದ ತಂತಿ ಹೆಚ್ಚು ಒಗ್ಗುತ್ತದೆ. ಗಿಡ್ಡ ಬೇಸಿಗೆಂದೇ ಮಾಡಿದ ಒಳ್ಳೆಯ ತಂತಿಗಳು ಸಿಗುವುದೂ ಆಗ ಕಷ್ಟವಿತ್ತು.

ಅದರ ನಡುವೆಯೂ ಕೆಲವರು ಬಿಡಲಿಲ್ಲ. ಜಾಝ್ ಲೋಕದ ಸ್ಟ್ಯಾನ್ಲಿ ಕ್ಲಾರ್ಕ್ 30.75 ಅಂಗುಲದ ಅಲೆಂಬಿಕ್ ಬೇಸ್ ಹಿಡಿದು ವೇದಿಕೆಯ ಹಿಂದಿನ ಸಾಲಿನಲ್ಲಿದ್ದ ವಾದ್ಯವನ್ನು ಮುಂದಿನ ಸಾಲಿಗೆ ತಂದರು. ‘ಟಾಕಿಂಗ್ ಹೆಡ್ಸ್’ ತಂಡದ ಟೀನಾ ವೇಮತ್ ಅವರ ಕೈಯಲ್ಲಿ ಮಸ್ಟ್ಯಾಂಗ್ ಇತ್ತು. ವಿದ್ಯಾರ್ಥಿಗಳ ವಾದ್ಯ ಎಂಬ ಮಾತಿಗೆ ಇವರ ಧ್ವನಿಮುದ್ರಿಕೆಗಳೇ ಉತ್ತರ. ಕಳೆದ ಎರಡು ದಶಕಗಳಲ್ಲಿ ಗಾಳಿ ತಿರುಗಿದೆ. ಸ್ಕ್ವಯರ್, ಐಬಾನೆಜ್, ಗ್ರೆಚ್ ಮೊದಲಾದ ಕಂಪನಿಗಳು ಮಧ್ಯಮ ವರ್ಗದ ಕೈಗೆಟುಕುವ ಗಿಡ್ಡ ಬೇಸುಗಳನ್ನು ತಂದಿವೆ. ಹಾಫ್ನರ್ ಕೂಡ ತನ್ನ ಹಳೆಯ ಮಾದರಿಯ ಅಗ್ಗದ ಆವೃತ್ತಿ ಮಾಡಿತು. ಐಬಾನೆಜ್‌ನ ‘ಮೈಕ್ರೋ’ ಬೇಸ್ ಇನ್ನೂ ಗಿಡ್ಡ, 28.6 ಅಂಗುಲ. ತಂತಿ ತಯಾರಕರೂ ಗಿಡ್ಡ ಅಳತೆಗೆಂದೇ ಬೇರೆ ಸೆಟ್ ಮಾಡುತ್ತಿದ್ದಾರೆ.

ತಂತಿಯ ಲೆಕ್ಕ

ಗಿಡ್ಡ ಬೇಸಿನಲ್ಲಿ ಮಂದ್ರ ಸ್ವರ ಸಿಗುವುದಿಲ್ಲ ಎಂಬ ತಪ್ಪು ತಿಳಿವಳಿಕೆ ನಮ್ಮ ಕಡೆ ಬಹಳ ಜನರಲ್ಲಿದೆ. ಉದ್ದ ಬೇಸಿನ ದಪ್ಪ ತಂತಿ ಸೆಕೆಂಡಿಗೆ 41.2 ಸಲ ಕಂಪಿಸಿದರೆ ಗಿಡ್ಡ ಬೇಸಿನ ದಪ್ಪ ತಂತಿಯೂ ಅಷ್ಟೇ ಸಲ ಕಂಪಿಸುತ್ತದೆ. ನಾಲ್ಕೂ ತಂತಿಗಳ ಶ್ರುತಿ ಎರಡು ವಾದ್ಯಗಳಲ್ಲೂ ಒಂದೇ. ಬದಲಾಗುವುದು ಬಿಗಿತ.

ತಂತಿಯ ಉದ್ದ, ಬಿಗಿತ, ತೂಕಗಳ ಸಂಬಂಧವನ್ನು ಫ್ರಾನ್ಸಿನ ಮರೆನ್ ಮೆರ್ಸೆನ್ 1636ರಲ್ಲೇ ನಿಯಮವಾಗಿ ಬರೆದಿಟ್ಟರು. ಅದರ ಪ್ರಕಾರ ಅದೇ ದಪ್ಪದ ತಂತಿಯನ್ನು ಅದೇ ಶ್ರುತಿಗೆ ಕೂಡಿಸಿದರೆ ಬಿಗಿತ ಉದ್ದದ ವರ್ಗಕ್ಕೆ ಅನುಗುಣವಾಗಿರುತ್ತದೆ. 34ರಿಂದ 30 ಅಂಗುಲಕ್ಕೆ ಇಳಿದರೆ ಬಿಗಿತ ನೂರಕ್ಕೆ 22ರಷ್ಟು ಕಡಿಮೆಯಾಗುತ್ತದೆ. ತಂತಿ ಮೆತ್ತಗೆ ಬಾಗುತ್ತದೆ, ಒತ್ತಲು ಬಲ ಕಡಿಮೆ ಸಾಕು. ಮೂರು ಗಂಟೆ ನುಡಿಸಿದರೂ ಮಣಿಕಟ್ಟಿಗೆ ಆಯಾಸ ಕಡಿಮೆ. ಇದರ ಇನ್ನೊಂದು ಮುಖವೂ ಇದೆ. ಜೋರಾಗಿ ಮೀಟಿದರೆ ಸಡಿಲ ತಂತಿ ಅಗಲವಾಗಿ ತೂಗಿ ಫ್ರೆಟ್ಟಿಗೆ ಬಡಿದು ಕಿರಗುಟ್ಟುತ್ತದೆ. ಆದ್ದರಿಂದ ಗಿಡ್ಡ ಬೇಸಿಗೆ ಒಂದು ಮಟ್ಟ ದಪ್ಪ ತಂತಿ ಹಾಕುವ ರೂಢಿಯಿದೆ. ಮೃದುವಾಗಿ ಮೀಟಿ ಆಂಪ್ಲಿಫೈಯರಿಗೆ ಕೆಲಸ ಬಿಡುವುದನ್ನೂ ಕಲಿಯಬೇಕು.

ನಾದದ ಗುಣವೂ ಬದಲಾಗುತ್ತದೆ. ಗಿಡ್ಡ ತಂತಿಯಲ್ಲಿ ಲೋಹದ ಕಿಣಿಕಿಣಿ ಕಡಿಮೆ, ಮೂಲಸ್ವರ ದುಂಡಗೆ, ದಪ್ಪಗೆ ಬರುತ್ತದೆ. ನಯವಾದ ಫ್ಲ್ಯಾಟ್‌ವೂಂಡ್ ತಂತಿ ಹಾಕಿದರೆ ಅರವತ್ತು, ಎಪ್ಪತ್ತರ ದಶಕದ ಸಿನಿಮಾ ಹಾಡುಗಳ ಬೇಸ್ ಹೇಗೆ ಕೇಳುತ್ತಿತ್ತೋ ಅದಕ್ಕೆ ಬಹಳ ಹತ್ತಿರ ಬರುತ್ತದೆ. ರಾಜನ್-ನಾಗೇಂದ್ರ ಅವರ ಹಾಡುಗಳನ್ನೂ ಹಳೆಯ ಹಿಂದಿ ಹಾಡುಗಳನ್ನೂ ನುಡಿಸುವ ರಸಮಂಜರಿ ತಂಡಕ್ಕೆ ಇದಕ್ಕಿಂತ ಒಪ್ಪುವ ನಾದ ಬೇರೆಯಿಲ್ಲ.

ಕೈಯ ಲೆಕ್ಕ ಇನ್ನೂ ಸ್ಪಷ್ಟ. ಅಳತೆಯ ಟೇಪು ಇಟ್ಟು ನೋಡಿದರೆ 34 ಅಂಗುಲದ ಬೇಸಿನಲ್ಲಿ ನಟ್‌ನಿಂದ ಮೊದಲ ಫ್ರೆಟ್ಟಿಗೆ 48.5 ಮಿಲಿಮೀಟರ್, 30 ಅಂಗುಲದ್ದರಲ್ಲಿ 42.8. ತೋರುಬೆರಳನ್ನು ಮೊದಲ ಫ್ರೆಟ್ಟಿನ ಮೇಲೂ ಕಿರುಬೆರಳನ್ನು ನಾಲ್ಕನೆಯದರ ಮೇಲೂ ಇಟ್ಟರೆ ಉದ್ದ ಬೇಸಿನಲ್ಲಿ ಕೈ 13 ಸೆಂಟಿಮೀಟರ್ ಚಾಚಬೇಕು, ಗಿಡ್ಡ ಬೇಸಿನಲ್ಲಿ ಹನ್ನೊಂದೂವರೆ ಸಾಕು. ಕೇಳಲು ಅಲ್ಪ ಅನ್ನಿಸುವ ಈ ಒಂದೂವರೆ ಸೆಂಟಿಮೀಟರಿನಲ್ಲೇ ಎಲ್ಲ ಇದೆ. ಡಬಲ್ ಬೇಸಿನವರು ಕೆಳಗಿನ ಸ್ಥಾನಗಳಲ್ಲಿ ಉಂಗುರ ಬೆರಳು, ಕಿರುಬೆರಳು ಎರಡನ್ನೂ ಕೂಡಿಸಿ ಒಂದೇ ಬೆರಳಿನಂತೆ ಬಳಸುತ್ತಾರೆ. ಉದ್ದ ಬೇಸ್ ಗಿಟಾರಿನಲ್ಲೂ ಹಾಗೆ ಕಲಿಸುವ ಗುರುಗಳಿದ್ದಾರೆ. ಗಿಡ್ಡ ಬೇಸಿನಲ್ಲಿ ಸಾಧಾರಣ ಗಾತ್ರದ ಕೈಗೂ ಬೆರಳಿಗೊಂದು ಫ್ರೆಟ್ ಸಲೀಸಾಗಿ ಸಿಗುತ್ತದೆ.

ನಮ್ಮ ವೇದಿಕೆಗಳಲ್ಲಿ ಇದರ ಬೆಲೆ ದೊಡ್ಡದು. ಗಾಯಕರು ಬಂದವರೇ “ನನಗೆ ಕಾಳಿ ದೋನ್” (ಎರಡನೇ ಕಪ್ಪು ಮನೆಯ ಶ್ರುತಿ) ಅನ್ನುತ್ತಾರೆ, ಮುಂದಿನವರು “ಪಾಂಢರಿ ಚಾರ್” (ನಾಲ್ಕನೇ ಬಿಳಿ ಮನೆ) ಅನ್ನುತ್ತಾರೆ. ಅದೇ ಹಾಡನ್ನು ಕ್ಷಣದಲ್ಲಿ ಇನ್ನೊಂದು ಶ್ರುತಿಗೆ ಸರಿಸಬೇಕು. ತೆರೆದ ತಂತಿಯ ಆಸರೆ ತಪ್ಪಿ ಎಲ್ಲ ಸ್ವರಗಳನ್ನೂ ಒತ್ತಿಯೇ ತೆಗೆಯಬೇಕಾಗುತ್ತದೆ. ಆಗ ಫ್ರೆಟ್ಟುಗಳು ಹತ್ತಿರ ಇದ್ದಷ್ಟೂ ಕೈ ತಪ್ಪುವುದು ಕಡಿಮೆ.

ಕೊಳ್ಳುವ ಮೊದಲೇ ಇದನ್ನು ಮನೆಯಲ್ಲಿ ಪರೀಕ್ಷಿಸಬಹುದು. ಉದ್ದ ಬೇಸಿನ ಎರಡನೇ ಫ್ರೆಟ್ಟಿಗೆ, ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕ್ಯಾಪೋ ಹಾಕಿ. ಉಳಿಯುವ ತಂತಿಯ ಉದ್ದ 30.3 ಅಂಗುಲ, ಹೆಚ್ಚುಕಡಿಮೆ ಟಟ್‌ಮಾರ್ಕ್ ಅವರ ಮಾಡೆಲ್ 736ರಷ್ಟೇ. ಅಲ್ಲಿಂದ ಮುಂದಿನ ನಾಲ್ಕು ಫ್ರೆಟ್ಟುಗಳಲ್ಲಿ ನಿಮ್ಮ ಹಾಡು ನುಡಿಸಿ ನೋಡಿದರೆ ಬೆರಳುಗಳೇ ತೀರ್ಪು ಹೇಳುತ್ತವೆ.

ವಾಶಿಯಿಂದ ಕಲ್ಯಾಣಕ್ಕೆ

ಹೊರುವ ಮಾತಿಗೆ ಬರೋಣ. ಗಿಡ್ಡ ಬೇಸಿನ ಒಟ್ಟು ಉದ್ದ ಸುಮಾರು 42ರಿಂದ 43 ಅಂಗುಲ, ಮಾಮೂಲಿ ಬೇಸಿಗಿಂತ ಮೂರು ನಾಲ್ಕು ಅಂಗುಲ ಕಡಿಮೆ. ಈ ಮೂರು ನಾಲ್ಕು ಅಂಗುಲದ ಬೆಲೆ ತಿಳಿಯಲು ವಾಶಿಯ ಭಾವೆ ನಾಟ್ಯಗೃಹದಲ್ಲಿ ಶೋ ಮುಗಿಸಿ ಕಲ್ಯಾಣಕ್ಕೆ ಮರಳುವವರ ಜೊತೆ ಒಮ್ಮೆ ಹೋಗಬೇಕು. ಟ್ರಾನ್ಸ್‌ಹಾರ್ಬರ್ ಮಾರ್ಗ 2004ರಲ್ಲಿ ಆರಂಭವಾದ ಮೇಲೆ ಕುರ್ಲಾ ಸುತ್ತಿಕೊಂಡು ಬರುವ ತಾಪತ್ರಯ ತಪ್ಪಿದೆ. ತುರ್ಭೆ, ಘಣಸೋಲಿ, ಐರೋಲಿ ದಾಟಿ ರೈಲು ಠಾಣೆಯ 9, 10ನೇ ಪ್ಲಾಟ್‌ಫಾರ್ಮಿಗೆ ಬರುತ್ತದೆ. ಅಲ್ಲಿಂದ ಮೆಟ್ಟಿಲು ಹತ್ತಿ, ಸೇತುವೆಯ ಜನಜಂಗುಳಿಯಲ್ಲಿ ತೂರಿ, ಕಲ್ಯಾಣದ ಗಾಡಿ ಹಿಡಿಯಬೇಕು. ಒಂದು ಕೈಯಲ್ಲಿ ಕೇಬಲ್, ಪೆಡಲ್‌ಗಳ ಚೀಲ, ಬೆನ್ನ ಮೇಲೆ ವಾದ್ಯ. ಭಾನುವಾರವಾದರೆ ಹಳಿ ದುರಸ್ತಿಗಾಗಿ ರೈಲು ನಿಲ್ಲಿಸುವ ಮೆಗಾ ಬ್ಲಾಕ್‌ನ ಚಿಂತೆ ಬೇರೆ.

ಗಡಿಯಾರವೂ ಬೆನ್ನಟ್ಟುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ಧ್ವನಿವರ್ಧಕ ರಾತ್ರಿ 10ಕ್ಕೆ ನಿಲ್ಲಬೇಕು. ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಾತ್ರ ಸರ್ಕಾರ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ನವರಾತ್ರಿಯ ಗರ್ಬಾ ರಾತ್ರಿಗಳಲ್ಲಿ ಎಡೆಬಿಡದೆ ಗಂಟೆಗಟ್ಟಲೆ ನಿಂತು ನುಡಿಸಿ, ಎಲ್ಲ ಬಿಚ್ಚಿ ಕಟ್ಟಿ, ಗಾಡಿ ಹಿಡಿದು, ಮರುಸಂಜೆ ಮತ್ತೆ ಬರಬೇಕು. ನಾಲ್ಕು ಕಿಲೋ ಮರ ಒಂದೇ ಹೆಗಲಿನ ಮೇಲೆ ಒಂಬತ್ತು ರಾತ್ರಿ ತೂಗಿದರೆ ಆಗುವ ನೋವು ಎಂಥದೆಂದು ಬೇಸಿನವರನ್ನೇ ಕೇಳಬೇಕು. ಒಂದು ಕಿಲೋ ಕಡಿಮೆಯಾದರೂ ಅದು ದೊಡ್ಡ ಉಪಕಾರ.

ವೇದಿಕೆಗಳೂ ಇಕ್ಕಟ್ಟು. ಹೌಸಿಂಗ್ ಸೊಸೈಟಿಯ ಗಣಪತಿ ಮಂಟಪದ ಪಕ್ಕ ಹಾಕುವ ವೇದಿಕೆಯಲ್ಲಿ ಡ್ರಮ್ಸ್, ಆಕ್ಟೋಪ್ಯಾಡ್, ಎರಡು ಕೀಬೋರ್ಡ್, ಮಾನಿಟರುಗಳು ಕೂತ ಮೇಲೆ ಬೇಸಿನವರಿಗೆ ಸಿಗುವುದು ಒಂದು ಮೂಲೆ. ಉದ್ದ ಕತ್ತಿನ ವಾದ್ಯ ಹಿಡಿದು ತಿರುಗಿದರೆ ಸಿಂಬಲ್‌ಗೋ ಪಕ್ಕದ ಗಾಯಕರ ಮೈಕಿಗೋ ತಾಗುತ್ತದೆ. ಗಿಡ್ಡ ವಾದ್ಯದವರು ಅದೇ ಮೂಲೆಯಲ್ಲಿ ನಿರಾಳವಾಗಿ ನಿಲ್ಲುತ್ತಾರೆ.

ಉದ್ದ ತಗ್ಗಿಸಲು ಬೇರೆ ದಾರಿಯೂ ಇದೆ. ಅಮೆರಿಕದ ನೆಡ್ ಸ್ಟೈನ್‌ಬರ್ಗರ್ 1980ರ ಹೊತ್ತಿಗೆ ವಾದ್ಯದ ತಲೆಯನ್ನೇ ತೆಗೆದು, ಶ್ರುತಿ ಮಾಡುವ ಕೀಲಿಗಳನ್ನು ಕೆಳಗಿನ ತುದಿಗೆ ಸಾಗಿಸಿ, 34 ಅಂಗುಲದ ತಂತಿಯನ್ನು ಉಳಿಸಿಕೊಂಡೇ ಚಿಕ್ಕ ಬೇಸ್ ಮಾಡಿದರು. ಐದು ತಂತಿ ಬೇಕೇ ಬೇಕು, ಸ್ಲ್ಯಾಪ್ ಶೈಲಿಯೇ ತಮ್ಮ ಬಂಡವಾಳ ಎನ್ನುವವರಿಗೆ ಈ ತಲೆಯಿಲ್ಲದ ಬೇಸೇ ಸರಿ. ಉಳಿದವರಿಗೆ, ಅಂದರೆ ಸಿನಿಮಾ ಹಾಡು, ಭಾವಗೀತೆ, ಭಜನೆ, ಗರ್ಬಾ ನುಡಿಸುವ ನಮ್ಮ ಬಹುಪಾಲು ವಾದಕರಿಗೆ, ಮೂವತ್ತು ಅಂಗುಲದ ನಾಲ್ಕು ತಂತಿ ಧಾರಾಳ ಸಾಕು.

ಕೊಳ್ಳುವವರಿಗೆ

ಧೋಬಿ ತಲಾವ್‌ನ ಅಂಗಡಿಗಳಿಗೆ ಹೋಗಲಿ, ಠಾಣೆಯಲ್ಲೇ ನೋಡಲಿ, ಕೆಲವು ಸಂಗತಿ ಗಮನದಲ್ಲಿರಲಿ. ಸ್ಟ್ರಾಪ್ ಹಾಕಿ ನಿಂತು ಕೈ ಬಿಟ್ಟು ನೋಡಿ. ಒಡಲು ತೀರ ಹಗುರವಿದ್ದರೆ ಕತ್ತು ನೆಲದ ಕಡೆ ವಾಲುತ್ತದೆ, ಅದನ್ನು ಎತ್ತಿ ಹಿಡಿಯುವುದರಲ್ಲೇ ಎಡಗೈ ಸೋಲುತ್ತದೆ. ಅಗಲವಾದ ಒರಟು ಸ್ಟ್ರಾಪ್ ಇದನ್ನು ಸ್ವಲ್ಪ ತಡೆಯುತ್ತದೆ. ದಪ್ಪ ತಂತಿಯನ್ನು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಮೀಟಿ ಸ್ವರ ಅಲುಗಾಡುತ್ತದೆಯೇ ಕೇಳಿ. ಹನ್ನೆರಡನೇ ಫ್ರೆಟ್ಟಿನ ಸ್ವರವನ್ನು ಟ್ಯೂನರಿನಲ್ಲಿ ತಾಳೆ ನೋಡಿ. ತಂತಿ ಕೊಳ್ಳುವಾಗ ಗಿಡ್ಡ ಅಳತೆಯದ್ದನ್ನೇ ಕೇಳಿ ಪಡೆಯಿರಿ. ಉದ್ದ ತಂತಿ ಕತ್ತರಿಸಿ ಹಾಕಿದರೆ ದಪ್ಪ ಸುತ್ತು ಕೀಲಿಯ ಮೇಲೇ ಬಂದು ಕೂರುತ್ತದೆ, ಕೆಲವು ಜಾತಿಯ ತಂತಿಗಳಲ್ಲಿ ಸುತ್ತು ಬಿಚ್ಚಿಹೋಗಿ ನಾದವೇ ಸತ್ತುಹೋಗುತ್ತದೆ.

ಸಣ್ಣ ತಂಡಗಳಲ್ಲಿ ಬೇಸಿನ ಕೆಲಸವನ್ನು ಕೀಬೋರ್ಡಿನವರ ಎಡಗೈಗೆ ವಹಿಸುವ ಅಭ್ಯಾಸ ಬಂದಿದೆ. ವಾದ್ಯವೃಂದ ನಡೆಸುವವರ ಖರ್ಚಿನ ಕಷ್ಟ ನಿಜ. ಆದರೆ ಬೆರಳಿನಿಂದ ಮೀಟಿದ ತಂತಿಯ ಜೀವ ಯಂತ್ರದ ಸ್ವರಕ್ಕೆ ಬರುವುದಿಲ್ಲ. ಡೊಂಬಿವಲಿ ಕರ್ನಾಟಕ ಸಂಘ, ಠಾಣೆಯ ನವೋದಯ ಕನ್ನಡ ಸೇವಾ ಸಂಘ, ವಾಶಿಯ ನವಿ ಮುಂಬಯಿ ಕನ್ನಡ ಸಂಘದಂಥ ಸಂಸ್ಥೆಗಳ ವೇದಿಕೆಗಳು ನಮ್ಮ ಹುಡುಗ ಹುಡುಗಿಯರಿಗೆ ಮನೆಯಂಗಳವಿದ್ದಂತೆ. ಅಲ್ಲಿ ರಸಮಂಜರಿ ಏರ್ಪಡಿಸುವವರು ಬೇಸ್ ಗಿಟಾರಿಗೂ ಒಂದು ಜಾಗ ಇಡಲಿ, ಕೊನೆಯಲ್ಲಿ ಅವರ ಹೆಸರನ್ನೂ ಕರೆಯಲಿ. ಮಗಳೋ ಮಗನೋ ಬೇಸ್ ಕಲಿಯುತ್ತೇನೆ ಎಂದರೆ ಅಪ್ಪ ಅಮ್ಮ ಧೈರ್ಯವಾಗಿ ಗಿಡ್ಡ ಬೇಸನ್ನೇ ಕೊಡಿಸಲಿ. ದೊಡ್ಡವರಾದ ಮೇಲೆ ಬದಲಿಸಬೇಕಾದ ಮಕ್ಕಳ ಆಟಿಕೆ ಅದಲ್ಲ. ಮೆಕಾರ್ಟ್ನಿ ಎಂಬತ್ತು ದಾಟಿದ ಮೇಲೂ ಅದೇ ಅಳತೆಯ ಹಾಫ್ನರ್ ಹಿಡಿದು ಸಭೆಗಳ ಮುಂದೆ ನುಡಿಸುತ್ತಿದ್ದಾರೆ.